ಚಿಂತೆಗೂ ಆಸೆಗೂ ಬೇರು ಒಂದೇ: ಸಿಂಧನೂರಿನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಸಿಂಧನೂರಿನವನು. ವಯಸ್ಸು 46. ಗೊಬ್ಬರ, ಬೀಜ, ಔಷಧಿ ಅಂಗಡಿ ಇಟ್ಟಿದ್ದೇನೆ. ರೈತರಿಗೆ ಉದ್ರಿ ಕೊಟ್ಟು, ಸುಗ್ಗಿಯಾದ ಮೇಲೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಸೇರಿಸಿ ವಸೂಲಿ ಮಾಡುತ್ತೇನೆ. ದೇವರ ದಯೆಯಿಂದ ವ್ಯಾಪಾರ ಚೆನ್ನಾಗಿದೆ. ಎರಡು ಪ್ಲಾಟ್ ಕೊಂಡಿದ್ದೇನೆ. ಆದರೂ ಒಂದು ವರ್ಷದಿಂದ ಸರಿಯಾಗಿ ನಿದ್ದೆ ಇಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ. ಎದೆ ಡವಡವ ಅನ್ನುತ್ತೆ. ಮೊಬೈಲ್ ತೆಗೆದು ಬ್ಯಾಂಕ್ ಬ್ಯಾಲೆನ್ಸ್, ಭತ್ತದ ರೇಟು, ಡ್ಯಾಮಿನ ನೀರಿನ ಮಟ್ಟ ನೋಡುತ್ತೇನೆ. ನಾಳೆ ನನಗೆ ಕಾಯಿಲೆ ಬಂದರೆ? ಮುಪ್ಪಿನಲ್ಲಿ ಮಕ್ಕಳು ನೋಡದಿದ್ದರೆ? ಒಬ್ಬರ ಮುಂದೆ ಕೈಚಾಚುವ ಗತಿ ಬಂದರೆ? ಇದೇ ಯೋಚನೆ. ತಂದೆ ಉಯಿಲು ಬರೆಯದೆ ಹೋದರು, ತಾಯಿಯೂ ಇಲ್ಲ. ನಾಲ್ಕು ಎಕರೆ ನೀರಾವರಿ ಜಮೀನಿದೆ. ಹುಬ್ಬಳ್ಳಿಯಲ್ಲಿರುವ ತಂಗಿ ಅದರಲ್ಲಿ ಪಾಲು ಕೇಳಿದಾಗಿನಿಂದ ಸಂಕಟ ಇನ್ನೂ ಜಾಸ್ತಿಯಾಗಿದೆ. ಅವಳ ಮದುವೆ ಖರ್ಚು ನಾನೇ ನೋಡಿಕೊಂಡಿದ್ದೆ, ಅಲ್ವಾ? 'ನಿಮಗೆ ಎಷ್ಟಿದ್ದರೂ ಸಾಲದು' ಎಂದು ಹೆಂಡತಿ ಅನ್ನುತ್ತಾಳೆ. 'ನಿಮಗೆ ನಂಬಿಕೆ ಕಡಿಮೆ' ಎಂದು ಒಬ್ಬ ಪಾಸ್ಟರ್ ಹೇಳಿದರು. 'ದೊಡ್ಡ ಕಾಣಿಕೆ ಹಾಕಿ, ದೇವರು ನೂರರಷ್ಟು ಕೊಟ್ಟು ಚಿಂತೆ ತೆಗೆಯುತ್ತಾನೆ' ಎಂದು ಇನ್ನೊಬ್ಬರು ಹೇಳಿದರು. ದಿನಾ ಪ್ರಾರ್ಥನೆ ಮಾಡುತ್ತೇನೆ, ಸಮಾಧಾನ ಸಿಗುತ್ತಿಲ್ಲ. ನನ್ನದು ಚಿಂತೆಯ ಕಾಯಿಲೆಯೋ, ಆಸೆಯ ಕಾಯಿಲೆಯೋ?

ಉತ್ತರ:

ಸಹೋದರರೇ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಚಿಂತೆಯೂ ಹೌದು, ಆಸೆಯೂ ಹೌದು. ನೀವು ಇವನ್ನು ಎರಡು ಕಾಯಿಲೆ ಅಂದುಕೊಂಡಿದ್ದೀರಿ. ಯೇಸು ಸ್ವಾಮಿ ಒಂದೇ ಕಾಯಿಲೆ ಅಂತ ನೋಡಿದರು.

ಲೂಕನ ಸುವಾರ್ತೆಯ 12ನೇ ಅಧ್ಯಾಯ ತೆಗೆಯಿರಿ, 13ನೇ ವಚನ. ಗುಂಪಿನಲ್ಲಿದ್ದ ಒಬ್ಬ ಯೇಸುವಿನ ಹತ್ತಿರ ಬಂದು, ಬೋಧಕರೇ, ಆಸ್ತಿಯಲ್ಲಿ ನನ್ನ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳಿ ಅನ್ನುತ್ತಾನೆ. ಮಾತು ಶುರುವಾಗುವುದೇ ನಿಮ್ಮ ಮನೆಯಲ್ಲಿರುವಂಥ ವಿಷಯದಿಂದ. ಪಾಲು ಮಾಡಿಕೊಡಲು ಯೇಸು ಕೂರಲಿಲ್ಲ. ಎಲ್ಲ ಥರದ ಲೋಭಕ್ಕೂ ಎಚ್ಚರವಾಗಿರಿ, ಎಷ್ಟು ಆಸ್ತಿ ಇದ್ದರೂ ಅದು ಯಾರಿಗೂ ಜೀವಾಧಾರವಲ್ಲ ಎಂದರು. ಆಮೇಲೆ ಒಂದು ಕಥೆ ಹೇಳಿದರು.

ಒಬ್ಬ ಸಾಹುಕಾರ. ಅವನ ಹೊಲ ಚೆನ್ನಾಗಿ ಬೆಳೆಯಿತು. ಕಣಜದಲ್ಲಿ ಜಾಗ ಸಾಲಲಿಲ್ಲ. ಇದ್ದ ಕಣಜ ಕೆಡವಿ ದೊಡ್ಡದು ಕಟ್ಟಿಸುತ್ತೇನೆ, ಎಲ್ಲ ಅಲ್ಲಿ ತುಂಬಿಸುತ್ತೇನೆ, ಆಮೇಲೆ ಬಹಳ ವರ್ಷ ಆರಾಮಾಗಿ ಉಂಡು ಕುಡಿದು ಇರುತ್ತೇನೆ ಎಂದುಕೊಂಡ. ಅದೇ ರಾತ್ರಿ ದೇವರು ಕೇಳಿದರು: ಬುದ್ಧಿಹೀನನೇ, ಈ ರಾತ್ರಿಯೇ ನಿನ್ನ ಪ್ರಾಣ ಹೋಗುತ್ತದೆ, ಕೂಡಿಟ್ಟಿದ್ದು ಯಾರದಾಗುತ್ತದೆ?

ಈ ಕಥೆಯನ್ನು ಮತ್ತೊಂದು ಸಲ ನಿಧಾನವಾಗಿ ಓದಿ. ಆ ಸಾಹುಕಾರ ಯಾರ ಜೊತೆ ಮಾತಾಡುತ್ತಾನೆ? ತನ್ನ ಜೊತೆ ಮಾತ್ರ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು. ಅವನ ಮಾತಿನಲ್ಲಿ ಹೆಂಡತಿ ಇಲ್ಲ, ಅಣ್ಣತಮ್ಮಂದಿರಿಲ್ಲ, ಬೆಳೆ ಕೊಯ್ದ ಕೂಲಿಯವರಿಲ್ಲ, ಮಳೆ ಕೊಟ್ಟ ದೇವರೂ ಇಲ್ಲ. ಅವನು ಕದ್ದ ಅಂತ ಯೇಸು ಎಲ್ಲೂ ಹೇಳಲಿಲ್ಲ. ಯಾರಿಗೂ ಮೋಸ ಮಾಡಿದ ಅಂತಲೂ ಹೇಳಲಿಲ್ಲ. ಲೋಭಿ ಅಂದರೆ ಕಳ್ಳ, ಸುಳ್ಳ ಅಂತ ನಾವು ಅಂದುಕೊಳ್ಳುತ್ತೇವೆ. ಸಭೆಗೆ ತಪ್ಪದೆ ಬರುವ, ತೂಕದಲ್ಲಿ ಮೋಸ ಮಾಡದ ಮನುಷ್ಯನಿಗೂ ಈ ಕಾಯಿಲೆ ಬರುತ್ತದೆ.

ಈಗ 22ನೇ ವಚನಕ್ಕೆ ಬನ್ನಿ. ಕಥೆ ಮುಗಿದ ಕೂಡಲೇ ಯೇಸು ಶಿಷ್ಯರ ಕಡೆ ತಿರುಗಿ ಹೇಳುತ್ತಾರೆ: ಆದದರಿಂದ, ಏನು ಊಟ ಮಾಡಬೇಕು, ಏನು ಹೊದ್ದುಕೊಳ್ಳಬೇಕು ಅಂತ ಚಿಂತೆ ಮಾಡಬೇಡಿ. ಕಾಗೆಗಳನ್ನು ನೋಡಿ, ಅವು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಅವಕ್ಕೆ ಕಣಜವಿಲ್ಲ. ಕಣಜ ಅನ್ನುವ ಮಾತು ಇಲ್ಲಿ ಮತ್ತೆ ಬಂತು ನೋಡಿ. ಸಾಹುಕಾರನ ಕಥೆಯಲ್ಲಿ ಬಂದ ಕಣಜವೇ ಕಾಗೆಯ ಮಾತಿನಲ್ಲೂ ಬರುತ್ತದೆ. ಒಂದೇ ಬೋಧನೆ. ನಮ್ಮ ಸಭೆಗಳಲ್ಲಿ ಮಾತ್ರ ಇದನ್ನು ಎರಡು ತುಂಡು ಮಾಡಿ ಓದುತ್ತೇವೆ. ಲೋಭದ ಭಾಗವನ್ನು ಶ್ರೀಮಂತರಿಗೆ, ಚಿಂತೆಯ ಭಾಗವನ್ನು ಬಡವರಿಗೆ ಬೋಧಿಸುತ್ತೇವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ನಮ್ಮ ಸೀಮೆಯಲ್ಲೇ ಕನ್ನಡವಾದ ಮಾತನ್ನು ನಾವೇ ಅರ್ಧರ್ಧ ಓದುತ್ತಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಯೇಸು ಹೇಳಿದ ಬಿತ್ತುವವನ ಸಾಮ್ಯಕಥೆಯೂ ನಿಮಗೆ ಗೊತ್ತು. ಮುಳ್ಳುಗಳ ನಡುವೆ ಬಿದ್ದ ಬೀಜ ಮೊಳೆಯಿತು, ಆದರೆ ಮುಳ್ಳು ಬೆಳೆದು ಅದನ್ನು ಅಡಗಿಸಿಬಿಟ್ಟಿತು. ಆ ಮುಳ್ಳು ಯಾವುದು ಅಂತ ಯೇಸುವೇ ಬಿಡಿಸಿ ಹೇಳಿದರು: ಪ್ರಪಂಚದ ಚಿಂತೆ, ಐಶ್ವರ್ಯದ ಮೋಸ. ಮತ್ತಾಯ 13ನೇ ಅಧ್ಯಾಯ, 22ನೇ ವಚನ. ಅಲ್ಲೂ ಎರಡೂ ಜೋಡಿಯಾಗಿಯೇ ಇವೆ. ನೀವು ಬೀಜ ಮಾರುವವರು. ಕಳೆ ತೆಗೆಯದೆ ಗೊಬ್ಬರ ಹಾಕಿದರೆ ಏನು ಬೆಳೆಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಕಾಯಿಲೆ ಬಂದರೆ, ಮುಪ್ಪು ಬಂದರೆ, ಇನ್ನೊಬ್ಬರ ಮುಂದೆ ಕೈಚಾಚುವ ಗತಿ ಬಂದರೆ ಅಂತ ಬರೆದಿದ್ದೀರಲ್ಲ, ಆ ಸಾಲು. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಎವಾಗ್ರಿಯಸ್ ಎಂಬ ಸನ್ಯಾಸಿ ಇದ್ದರು. ಮನಸ್ಸನ್ನು ಕೆಡಿಸುವ ಎಂಟು ಯೋಚನೆಗಳನ್ನು ಗುರುತಿಸಿದವರು ಅವರು. ಹಣದಾಸೆ ಬರುವಾಗ ಯಾವ ವೇಷದಲ್ಲಿ ಬರುತ್ತದೆ ಅಂತ ಅವರು ಬರೆದಿಟ್ಟಿದ್ದಾರೆ. ಮುಪ್ಪು ಬಹಳ ವರ್ಷ ಇರುತ್ತದೆ ಅನ್ನುತ್ತದಂತೆ. ಕೈಯಲ್ಲಿ ಕೆಲಸ ಆಗುವುದಿಲ್ಲ ಅನ್ನುತ್ತದೆ. ಬರಗಾಲ ಬರುತ್ತದೆ, ರೋಗ ಬರುತ್ತದೆ ಅನ್ನುತ್ತದೆ. ಕೊನೆಗೆ, ಇನ್ನೊಬ್ಬರಿಂದ ತೆಗೆದುಕೊಳ್ಳುವುದು ಎಷ್ಟು ನಾಚಿಕೆಗೇಡು ನೋಡು ಅನ್ನುತ್ತದೆ. ಒಂದು ರೂಪಾಯಿ ಆಸ್ತಿ ಇಲ್ಲದೆ ಗುಡಿಸಲಿನಲ್ಲಿದ್ದ ಸನ್ಯಾಸಿಗಳಿಗೇ ಈ ಯೋಚನೆ ಬರುತ್ತಿತ್ತು! ಅಂದಮೇಲೆ ಇದು ದುಡ್ಡು ಎಷ್ಟಿದೆ ಅನ್ನುವುದಕ್ಕೆ ಸಂಬಂಧಪಟ್ಟದ್ದಲ್ಲ. ನಿಮ್ಮೊಳಗಿನ ಆಸೆ 'ಇನ್ನೂ ಬೇಕು' ಅಂತ ನೇರವಾಗಿ ಕೇಳಿದ್ದರೆ ನೀವೇ ಬೈದು ಕಳಿಸುತ್ತಿದ್ದಿರಿ. ಅದು 'ನಾಳೆ ಏನು ಗತಿ' ಅಂತ ಹೆದರಿಸಿ ಕೇಳುತ್ತದೆ. ಹೆದರಿದವನು ಕೈ ಬಿಗಿ ಮಾಡುತ್ತಾನೆ. ಕೈ ಬಿಗಿಯಾದಷ್ಟೂ ಒಳಗಿರುವುದು ಹೋದೀತು ಅನ್ನುವ ಹೆದರಿಕೆ ಹೆಚ್ಚುತ್ತದೆ. ತಂಗಿ ಪಾಲು ಕೇಳಿದ ದಿನದಿಂದ ನಿಮ್ಮ ಸಂಕಟ ಜಾಸ್ತಿಯಾದದ್ದು ಸುಮ್ನೆ ಅಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದನ್ನು ಬೇರೆಯವರೂ ಓದುತ್ತಾರೆ. ಎಲ್ಲ ಚಿಂತೆಯೂ ಆಸೆಯಿಂದ ಬರುವುದಲ್ಲ. ಮಳೆಯನ್ನೇ ನಂಬಿ ಹತ್ತಿ ಬಿತ್ತಿ, ಮಳೆ ಕೈಕೊಟ್ಟು, ಮಗಳ ಕಾಲೇಜು ಫೀಸಿಗೆ ದಾರಿ ಕಾಣದೆ ಕೂತ ರೈತನಿಗೆ 'ನಿನ್ನದು ಲೋಭ' ಅಂದರೆ ಅದು ಪಾಪ. ಅವನಿಗೆ ಬೇಕಾದ್ದು ಉಪದೇಶ ಅಲ್ಲ, ಸಹಾಯ. ಹಸಿದವನಿಗೆ ಏನೂ ಕೊಡದೆ, ಸಮಾಧಾನದಿಂದ ಹೋಗು, ಹೊಟ್ಟೆ ತುಂಬಿಸಿಕೋ ಅನ್ನುವ ನಂಬಿಕೆ ಸತ್ತ ನಂಬಿಕೆ ಅಂತ ಯಾಕೋಬನ ಪತ್ರ ಹೇಳುತ್ತದೆ.

ಎಚ್ಚರಿಕೆ ಬೇರೆ, ಚಿಂತೆ ಬೇರೆ ಅನ್ನುವುದನ್ನೂ ನೆನಪಿಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ. ನಿಮ್ಮ ಊರಿನವರು ಯಾರೂ ಆ ವಾರ ನೆಮ್ಮದಿಯಾಗಿ ಮಲಗಿರಲಿಕ್ಕಿಲ್ಲ. ಎಡದಂಡೆ ಕಾಲುವೆಯ ನೀರೇ ನಿಮ್ಮೆಲ್ಲರ ಅನ್ನ. ಆದರೆ ಆ ವಾರ ಡ್ಯಾಮಿನ ಮೇಲೆ ನಿಂತವರು ಹೆದರಿಕೊಂಡು ಕೂರಲಿಲ್ಲ. ನೀರು ಭೋರ್ಗರೆದು ಹರಿಯುತ್ತಿರುವಾಗಲೇ ಆ ಜಾಗಕ್ಕೆ ಕಬ್ಬಿಣದ ಹಲಗೆಗಳನ್ನು ಇಳಿಸಿ ನಿಲ್ಲಿಸಿದರು. ಅದು ಎಚ್ಚರಿಕೆ. ಅದಕ್ಕೆ ಮಾಡಲು ಒಂದು ಕೆಲಸ ಇರುತ್ತದೆ, ಕೆಲಸ ಮುಗಿದ ಮೇಲೆ ಮನೆಗೆ ಹೋಗಿ ಮಲಗಬಹುದು. ರಾತ್ರಿ ಎರಡು ಗಂಟೆಗೆ ಸಿಂಧನೂರಿನ ಹಾಸಿಗೆಯ ಮೇಲೆ ಕೂತು ಡ್ಯಾಮಿನ ನೀರಿನ ಮಟ್ಟ ನೋಡುವುದರಿಂದ ಒಂದು ಬಿಂದಿಗೆ ನೀರೂ ಹೆಚ್ಚಾಗುವುದಿಲ್ಲ. ಯೇಸು ಕೇಳಿದ್ದೂ ಅದನ್ನೇ: ಚಿಂತೆ ಮಾಡಿ ಯಾರು ತನ್ನ ಆಯುಷ್ಯವನ್ನು ಒಂದು ಮೊಳ ಹೆಚ್ಚಿಸಿಕೊಂಡಾನು? ಕಾಗೆ ಬಿತ್ತುವುದಿಲ್ಲ ನಿಜ, ಆದರೆ ಬೆಳಗಾಗುವ ಮೊದಲೇ ಎದ್ದು ಹೊಟ್ಟೆಪಾಡಿಗೆ ಹಾರುತ್ತದೆ. ಕೆಲಸ ಬಿಡಿ ಅಂತ ಯಾರೂ ಹೇಳುತ್ತಿಲ್ಲ.

ಇನ್ನು ಆ ಇಬ್ಬರು ಬೋಧಕರ ಮಾತು.

ನಿಮಗೆ ನಂಬಿಕೆ ಕಡಿಮೆ ಅಂದವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 'ಅಲ್ಪವಿಶ್ವಾಸಿಗಳೇ' ಅಂತ ಯೇಸು ಕರೆದದ್ದು ನಿಜ. ಕರೆದದ್ದು ತಮ್ಮ ಜೊತೆಯಲ್ಲೇ ಊಟ ಮಾಡುತ್ತಿದ್ದ ಶಿಷ್ಯರನ್ನು. ಅದರ ಹಿಂದೆಯೇ, ಪುಟ್ಟ ಹಿಂಡೇ, ಹೆದರಬೇಡ, ರಾಜ್ಯವನ್ನು ನಿಮಗೆ ಕೊಡಲು ನಿಮ್ಮ ತಂದೆಗೆ ಸಂತೋಷವಿದೆ ಎಂದರು. ಬೈದು ದೂರ ತಳ್ಳುವ ದನಿ ಅದಲ್ಲ.

ದೊಡ್ಡ ಕಾಣಿಕೆ ಹಾಕಿ, ನೂರರಷ್ಟು ವಾಪಸ್ ಬರುತ್ತೆ ಅಂದವರ ಮಾತನ್ನು ಮಾತ್ರ ಪೂರ್ತಿ ಬಿಟ್ಟುಬಿಡಿ. ನಾನು ಇದನ್ನು ಖಂಡಿತವಾಗಿ ಹೇಳುತ್ತೇನೆ. ಆಸೆಯಿಂದ ನರಳುತ್ತಿರುವವನಿಗೆ ಇನ್ನಷ್ಟು ಆಸೆ ತೋರಿಸುವುದು ಔಷಧಿ ಅಲ್ಲ, ವಿಷ. ಬಡ ವಿಧವೆಯರ ತಾಳಿ, ಓಲೆ ಕೂಡ ಇಂಥ ಮಾತಿಗೆ ಹೋಗಿವೆ. ದೇವಭಕ್ತಿಯನ್ನು ಲಾಭದ ದಾರಿ ಅಂದುಕೊಂಡವರ ಬಗ್ಗೆ ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯದಲ್ಲಿ ಕಟುವಾಗಿ ಬರೆದಿದ್ದಾನೆ. ಹಣದಾಸೆ ಎಲ್ಲ ಥರದ ಕೆಟ್ಟತನಕ್ಕೂ ಬೇರು ಅನ್ನುವ ಮಾತು ಬರುವುದೂ ಅದೇ ಅಧ್ಯಾಯದಲ್ಲಿ. ಹಣ ಕೆಟ್ಟದ್ದು ಅನ್ನಲಿಲ್ಲ ಅವನು, ಹಣದ ಮೇಲಿನ ಆಸೆ ಅಂದ. ಶ್ರೀಮಂತರಿಗೆ ಅವನು ಹೇಳಿದ್ದೂ ಅಲ್ಲೇ ಇದೆ: ನಿಲ್ಲದ ಐಶ್ವರ್ಯವನ್ನು ನಂಬಬೇಡಿ, ಕೊಡುವುದರಲ್ಲಿ ಉದಾರಿಗಳಾಗಿರಿ.

ನಿಲ್ಲದ ಐಶ್ವರ್ಯ ಅಂದರೇನು ಅಂತ ನಮ್ಮ ಸೀಮೆಗಿಂತ ಚೆನ್ನಾಗಿ ಬಲ್ಲವರು ಯಾರು? ಚೀನಾದ ಬೇಡಿಕೆಯಿಂದ ಅದಿರಿಗೆ ಬಂಗಾರದ ಬೆಲೆ ಬಂದ ವರ್ಷಗಳನ್ನು ನೀವೂ ನೋಡಿದ್ದೀರಿ. ಸಂಡೂರು, ಹೊಸಪೇಟೆ ಕಡೆ ಜೋಳ ಬೆಳೆಯುತ್ತಿದ್ದ ಹೊಲಗಳ ಮೇಲೆ ಕೆಂಪು ದೂಳು ಕೂತಿತು. ಸಾಲ ಮಾಡಿ ಲಾರಿ ತಂದವರಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಸಾಲಾಗಿ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ಆಸೆ ಚಿಂತೆಯಾಗಿ ತಿರುಗಲು ಒಂದು ದಿನದ ಆದೇಶ ಸಾಕಾಯಿತು.

ಈಗ ಗುಣವಾಗುವ ದಾರಿ. ನಿಮ್ಮ ಪ್ರಾರ್ಥನೆ ಯಾಕೆ ಹಿಡಿಯುತ್ತಿಲ್ಲ ಅಂತ ಕೇಳಿದ್ದೀರಿ. ನೀವು ಏನು ಬೇಡುತ್ತಿದ್ದೀರಿ ಅಂತ ಒಂದು ಸಲ ನೋಡಿಕೊಳ್ಳಿ. ಇರುವುದೆಲ್ಲ ಹೀಗೇ ಉಳಿಯಲಿ, ಉದ್ರಿ ಎಲ್ಲ ವಸೂಲಿಯಾಗಲಿ, ತಂಗಿ ಸುಮ್ಮನಾಗಲಿ, ಇದರ ಜೊತೆ ನಿದ್ದೆಯೂ ಬರಲಿ. ಹೀಗೆ ಬೇಡುವುದು ಅಂದರೆ ದೇವರನ್ನು ಕಣಜದ ಕಾವಲಿಗೆ ನಿಲ್ಲಲು ಕರೆದಂತೆ. ಆತನು ಆ ಕೆಲಸಕ್ಕೆ ಬರುವುದಿಲ್ಲ. ಕೈ ಹಿಡಿದು ನಡೆಸಿ ಅಂದರೆ ಬರುತ್ತಾನೆ. ಹಿಡಿಸಿಕೊಳ್ಳಲು ಒಂದು ಕೈ ಖಾಲಿ ಇರಬೇಕು.

ಆದ್ದರಿಂದ ತಂಗಿಯ ವಿಷಯ ಮೊದಲು. ಕಾನೂನು ನೇರವಾಗಿದೆ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಇಲ್ಲದೆ ತಂದೆ ತೀರಿಹೋದರೆ ಮಕ್ಕಳಿಗೆ ಸಮಪಾಲು. ಮಗ, ಮಗಳು ಅನ್ನುವ ಭೇದ ಅದರಲ್ಲಿಲ್ಲ. ತಾಯಿಯೂ ಇಲ್ಲ, ನೀವಿಬ್ಬರೇ ಮಕ್ಕಳು ಅನ್ನುವುದಾದರೆ ಎರಡು ಎಕರೆ ಅವಳದೇ. ಬೈಬಲ್ ಕೇಳುತ್ತೀರಾ? ಯೋಬನಿಗೆ ದೇವರು ಕಳೆದುಕೊಂಡದ್ದನ್ನೆಲ್ಲ ಎರಡರಷ್ಟು ಕೊಟ್ಟ ಮೇಲೆ, ಅವನು ಹೆಣ್ಣುಮಕ್ಕಳಿಗೂ ಅವರ ಅಣ್ಣತಮ್ಮಂದಿರ ಜೊತೆ ಆಸ್ತಿಯಲ್ಲಿ ಪಾಲು ಕೊಟ್ಟ. ಪುಸ್ತಕದ ಕೊನೆಯ ಅಧ್ಯಾಯದಲ್ಲಿದೆ. ಅಷ್ಟೊಂದು ಕಳೆದುಕೊಂಡು ಎದ್ದವನು ಮಾಡಿದ ಕೆಲಸ ಅದು.

ಮದುವೆಗೆ ಖರ್ಚು ಮಾಡಿದ್ದೇನೆ ಅನ್ನುತ್ತೀರಿ. ಈ ಮಾತನ್ನು ನಮ್ಮ ಊರುಗಳಲ್ಲಿ ಪ್ರತಿಯೊಬ್ಬ ಅಣ್ಣನೂ ಹೇಳುತ್ತಾನೆ. ನಿಮ್ಮ ಮದುವೆಗೆ ತಂದೆ ಖರ್ಚು ಮಾಡಿದ್ದನ್ನು ನಿಮ್ಮ ಪಾಲಿನಲ್ಲಿ ಯಾರಾದರೂ ಮುರಿದುಕೊಂಡರಾ? ಪ್ರೀತಿಯಿಂದ ಮಾಡಿದ್ದನ್ನು ಖಾತೆ ಪುಸ್ತಕದಲ್ಲಿ ಬರೆಯಬೇಡಿ. ಅವಳಿಗೆ ಇವತ್ತು ಫೋನ್ ಮಾಡಿ. ವಕೀಲರ ನೋಟಿಸಿಗೆ ಕಾಯಬೇಡಿ. 'ಬಾರವ್ವ, ಕೂತು ಮಾತಾಡೋಣ' ಅನ್ನಿ. ಅವಳು ಜಮೀನು ಬೇಕು ಅಂದರೆ ಜಮೀನು, ದುಡ್ಡು ಬೇಕು ಅಂದರೆ ಇವತ್ತಿನ ರೇಟಿನಲ್ಲಿ ದುಡ್ಡು. ಅವಳೇ ಮನಸಾರೆ ಬೇಡ ಅಂದರೆ ಬೇರೆ ಮಾತು, ಆದರೆ ಬೇಡ ಅನ್ನಿಸಲು ನೀವು ಪ್ರಯತ್ನ ಮಾಡಬೇಡಿ. ಪಾಲಿನ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ. ಮುಂದೆ ನಿಮ್ಮ ಮಕ್ಕಳು ಅವಳ ಮಕ್ಕಳ ಜೊತೆ ಜಗಳಕ್ಕೆ ನಿಲ್ಲುವುದು ತಪ್ಪುತ್ತದೆ.

ಜಕ್ಕಾಯನನ್ನು ನೆನೆಸಿಕೊಳ್ಳಿ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ. ಯೇಸು ಅವನಿಗೆ ಹಣದ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ನಿನ್ನ ಮನೆಗೆ ಬರುತ್ತೇನೆ ಅಂದಿದ್ದರು ಅಷ್ಟೇ. ಅವನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ಈ ಹೊತ್ತು ಈ ಮನೆಗೆ ರಕ್ಷಣೆ ಆಯಿತು ಎಂದು ಯೇಸು ಹೇಳಿದ್ದು ಆಮೇಲೆ. ಕ್ರಮ ಗಮನಿಸಿ. ಪ್ರೀತಿ ಮೊದಲು ಬಂತು, ಕೈ ಆಮೇಲೆ ಸಡಿಲವಾಯಿತು. ಹೆದರಿಸಿ ಕೊಡಿಸಿದ್ದಲ್ಲ. ನಾನೂ ನಿಮ್ಮನ್ನು ಹೆದರಿಸುತ್ತಿಲ್ಲ. ದೇವರು ನಿಮ್ಮ ಮನೆಗೆ ಈಗಾಗಲೇ ಬಂದಿದ್ದಾನೆ ಅಂತ ನಂಬಿ ಇದನ್ನು ಮಾಡಿ.

ನೀವು ಕೇಳದಿದ್ದರೂ ಬಡ್ಡಿಯ ಬಗ್ಗೆ ಹೇಳುತ್ತೇನೆ. ನೆಹೆಮೀಯನ ಪುಸ್ತಕದ 5ನೇ ಅಧ್ಯಾಯ ಓದಿದರೆ ರಾಯಚೂರು ಜಿಲ್ಲೆಯ ಕಥೆ ಓದಿದಂತಾಗುತ್ತದೆ. ಬರಗಾಲ. ಜನ ಹೊಲ, ದ್ರಾಕ್ಷಿತೋಟ, ಮನೆ ಒತ್ತೆ ಇಟ್ಟು ಧಾನ್ಯ ತಂದಿದ್ದಾರೆ. ಅರಸನ ತೆರಿಗೆಗೆ ಸಾಲ ಮಾಡಿದ್ದಾರೆ. ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದಾರೆ. ಸಾಲ ಕೊಟ್ಟವರು ಹೊರಗಿನವರಲ್ಲ, ಅವರದೇ ಜನ. ನೆಹೆಮೀಯನಿಗೆ ಸಿಟ್ಟು ಬಂತು. ಹೊಲ ಮನೆ ಇವತ್ತೇ ವಾಪಸ್ ಕೊಡಿ, ನೂರಕ್ಕೆ ಒಂದರಂತೆ ತೆಗೆದುಕೊಳ್ಳುತ್ತಿರುವುದನ್ನೂ ಬಿಡಿ ಎಂದ. ಅವರು ಒಪ್ಪಿದರು. ನೂರಕ್ಕೆ ಒಂದು! ನಿಮ್ಮದು ತಿಂಗಳಿಗೆ ಎರಡು.

ಅಂಗಡಿ ನಡೆಸುವ ಕಷ್ಟ ನನಗೆ ಅರ್ಥವಾಗುತ್ತದೆ. ಕಂಪನಿಗೆ ನೀವು ಮೊದಲೇ ದುಡ್ಡು ಕಟ್ಟಬೇಕು. ರೈತ ಕೊಡುವುದು ಆರು ತಿಂಗಳ ಮೇಲೆ. ಕೆಲವರು ಕೊಡುವುದೇ ಇಲ್ಲ. ಎಲ್ಲ ಬಡ್ಡಿಯನ್ನೂ ನಾಳೆಯೇ ಬಿಡಿ ಅನ್ನುವ ಧೈರ್ಯ ನನಗಿಲ್ಲ, ಅದು ನಿಮ್ಮ ಮತ್ತು ದೇವರ ನಡುವಿನ ಮಾತು. ಒಂದು ಕೆಲಸ ಮಾತ್ರ ಮಾಡಿ. ಒಂದು ಸಂಜೆ ಖಾತೆ ಪುಸ್ತಕ ತೆಗೆದು ಹೆಂಡತಿಯ ಜೊತೆ ಕೂತುಕೊಳ್ಳಿ. ಒಂದೊಂದೇ ಹಾಳೆ ತಿರುವಿ. ಆ ಹೆಸರಿನ ಮನುಷ್ಯನ ಮುಖ ನೆನಪು ಮಾಡಿಕೊಳ್ಳಿ. ಎರಡು ಚೀಲ ಡಿಎಪಿ, ಒಂದು ಚೀಲ ಯೂರಿಯಾ, ಒಂದು ಬಾಟಲಿ ಔಷಧಿ. ಅದರ ಕೆಳಗೆ ಬಡ್ಡಿ, ಬಡ್ಡಿಯ ಕೆಳಗೆ ಮತ್ತೆ ಬಡ್ಡಿ. ಯಾವ ಹಾಳೆಯಲ್ಲಿ ಅಸಲು ಯಾವಾಗಲೋ ತೀರಿ ಬಡ್ಡಿ ಮಾತ್ರ ಬೆಳೆಯುತ್ತಿದೆಯೋ ಅದರ ಮೇಲೆ ಅಡ್ಡಗೆರೆ ಎಳೆಯಿರಿ. ಆ ರೈತ ಅಂಗಡಿಗೆ ಬಂದಾಗ ಅವನಿಗೆ ಬಾಯಿಬಿಟ್ಟು ಹೇಳಿ, ಲೆಕ್ಕ ಮುಗೀತು ಅಂತ. ನಿಮಗೆ ನಷ್ಟ ಅನ್ನಿಸುತ್ತದೆ, ನೋವೂ ಆಗುತ್ತದೆ. ಆ ನೋವು ಆಗಬೇಕು. ಗಾಯದಿಂದ ಕೀವು ತೆಗೆಯುವಾಗ ಆಗುವ ನೋವಿನಂಥದ್ದು ಅದು.

ಬೆಸಿಲ್ ಎಂಬ ಸಭಾಧ್ಯಕ್ಷರು ಇದೇ ಸಾಹುಕಾರನ ಕಥೆಯ ಮೇಲೆ ಬೋಧನೆ ಮಾಡಿದ್ದರು. ಈಗಿನ ಟರ್ಕಿ ದೇಶದಲ್ಲಿ, ನಾಲ್ಕನೇ ಶತಮಾನದಲ್ಲಿ. ಅಲ್ಲಿ ಘೋರ ಬರ ಬಿದ್ದಾಗ ಹಸಿದವರಿಗೆ ಊಟ ಹಾಕಿಸಿದವರು ಅವರು. ಬಡವರ ಮನೆಗಳೇ ನಿನಗೆ ಕಣಜ, ಹೊಸದು ಯಾಕೆ ಕಟ್ಟುತ್ತೀ ಅಂತ ಆ ಸಾಹುಕಾರನನ್ನು ಕೇಳಿದರು. ನಿಮ್ಮ ಅಡ್ಡಗೆರೆ ಎಳೆದ ಹಾಳೆಯೂ ಅಂಥದೊಂದು ಕಣಜ. ಅಲ್ಲಿಗೆ ನುಸಿಯೂ ಬರುವುದಿಲ್ಲ, ಕಳ್ಳನೂ ಬರುವುದಿಲ್ಲ.

ರಾತ್ರಿಯ ಎರಡು ಗಂಟೆಯ ಬಗ್ಗೆ. ಮೊಬೈಲನ್ನು ಮಲಗುವ ಕೋಣೆಯಲ್ಲಿ ಇಡಬೇಡಿ. ಸಮಯ ನೋಡಲು ಒಂದು ಗಡಿಯಾರ ಸಾಕು. ಎಚ್ಚರವಾದರೆ ಉದ್ದುದ್ದ ಪ್ರಾರ್ಥನೆ ಬೇಡ. ಆ ಹೊತ್ತಿನಲ್ಲಿ ಉದ್ದ ಪ್ರಾರ್ಥನೆ ಬೇಗ ಚಿಂತೆಯಾಗಿಬಿಡುತ್ತದೆ, ದೇವರ ಹೆಸರು ಹೇಳುತ್ತಾ ಬ್ಯಾಲೆನ್ಸನ್ನೇ ಎಣಿಸುತ್ತಿರುತ್ತೇವೆ. ಪರಲೋಕ ಪ್ರಾರ್ಥನೆಯ ಒಂದೇ ಸಾಲು ಹಿಡಿದುಕೊಳ್ಳಿ: ನಮ್ಮ ಅನುದಿನದ ಆಹಾರವನ್ನು ಈಹೊತ್ತು ನಮಗೆ ದಯಪಾಲಿಸು. ಉಸಿರಿನ ಜೊತೆ ನಿಧಾನವಾಗಿ ಹೇಳಿ. ಈಹೊತ್ತು ಮಾತ್ರ. ಮುಂದಿನ ಸುಗ್ಗಿಯದು ಅದರಲ್ಲಿಲ್ಲ, ನಿಮ್ಮ ಎಪ್ಪತ್ತನೇ ವಯಸ್ಸಿನದೂ ಇಲ್ಲ. ಇಸ್ರಾಯೇಲ್ಯರಿಗೆ ಮರುಭೂಮಿಯಲ್ಲಿ ದೇವರು ಕೊಟ್ಟ ಮನ್ನ ಎಂಬ ಆಹಾರ ಬೀಳುತ್ತಿದ್ದದ್ದೂ ಹೀಗೆಯೇ, ಆಯಾ ದಿನಕ್ಕೆ ಆಯಾ ದಿನದ್ದು. ನಾಳೆಗಿರಲಿ ಅಂತ ಎತ್ತಿಟ್ಟವರ ಮನೆಯಲ್ಲಿ ಅದು ಹುಳ ಬಿದ್ದು ನಾರಿತು. ಸಬ್ಬತ್ ದಿನದ ಮುಂಚೆ ಕೂಡಿಸಿಟ್ಟದ್ದು ಮಾತ್ರ ಕೆಡಲಿಲ್ಲ, ಯಾಕೆಂದರೆ ಅದನ್ನು ಕೂಡಿಸಿದ್ದು ದೇವರ ಮಾತಿನ ಮೇಲೆ, ವಿಶ್ರಾಂತಿಗಾಗಿ.

ವಿಶ್ರಾಂತಿ ಅಂದಾಗ ಭಾನುವಾರ ನೆನಪಾಯಿತು. ಆರಾಧನೆ ಮುಗಿಸಿ ಬಂದು ಶಟರ್ ಎತ್ತುವ ಅಭ್ಯಾಸ ಇದ್ದರೆ ಬಿಡಿ. ಮುಂಗಾರಿನ ಬಿತ್ತನೆ ವಾರ ಆದರೂ ಸರಿ. ಭಾನುವಾರ ಒಂದು ದಿನ ಅಂಗಡಿ ಮುಚ್ಚಿದರೂ ಸೋಮವಾರ ಲೋಕ ಇದ್ದ ಜಾಗದಲ್ಲೇ ಇರುತ್ತದೆ. ಅದನ್ನು ವಾರ ವಾರ ಕಣ್ಣಾರೆ ನೋಡಿದವನಿಗೆ, ತಾನಿಲ್ಲದಿದ್ದರೆ ಎಲ್ಲ ಕುಸಿದೀತು ಅನ್ನುವ ಭ್ರಮೆ ತಾನಾಗಿ ಸಡಿಲವಾಗುತ್ತದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ. ದುಡಿಯುವವನು ಸ್ವಲ್ಪ ತಿಂದರೂ ಜಾಸ್ತಿ ತಿಂದರೂ ಅವನ ನಿದ್ದೆ ಸುಖ, ಐಶ್ವರ್ಯವಂತನ ಸಮೃದ್ಧಿ ಅವನನ್ನು ಮಲಗಗೊಡದು ಅಂತ ಬೈಬಲಿನ ಪ್ರಸಂಗಿ ಪುಸ್ತಕವೂ ಹೇಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಡಾಕ್ಟರ ಹತ್ತಿರವೂ ಹೋಗಿ. ಇದನ್ನು ಕಡೆಗಣಿಸಬೇಡಿ. ಆರು ತಿಂಗಳಿಗೂ ಮೀರಿ ಹೆಚ್ಚಿನ ದಿನಗಳಲ್ಲಿ ತಡೆಯಲಾಗದ ಚಿಂತೆ, ನಿದ್ದೆಗೇಡು, ಸುಸ್ತು, ಮೈಕೈ ಬಿಗಿತ ಇದ್ದರೆ ಅದು ವೈದ್ಯರು ಗುರುತಿಸುವ ಕಾಯಿಲೆ ಆಗಿರಬಹುದು. ಎದೆ ಡವಡವ ಅನ್ನುವುದಕ್ಕೆ ಥೈರಾಯ್ಡ್ ಏರುಪೇರು, ಹೃದಯದ ತೊಂದರೆ ಕೂಡ ಕಾರಣ ಇರಬಹುದು, ಅದನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ, ಸುವಾರ್ತೆ ಬರೆದ ಲೂಕನೇ ವೈದ್ಯನಾಗಿದ್ದ ಅನ್ನಿ. ಹಣದಾಸೆಯ ಬಗ್ಗೆ ಬರೆದ ಆ ಪತ್ರದಲ್ಲೇ ಪೌಲನು ತಿಮೊಥೆಯನ ಹೊಟ್ಟೆನೋವಿಗೆ ಮದ್ದಿನ ಮಾತನ್ನೂ ಬರೆದಿದ್ದಾನೆ.

ಈ ವಿಷಯದಲ್ಲಿ ನಮ್ಮ ಸೀಮೆಗೆ ದೊಡ್ಡ ಹೆಸರಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ಮನಸ್ಸಿನ ಕಾಯಿಲೆ ನೋಡುವ ತರಬೇತಿ ಕೊಟ್ಟು ನೋಡಿದರು. ಅದು ಬಳ್ಳಾರಿ ಮಾದರಿ ಅಂತಲೇ ಹೆಸರಾಯಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ನೀವು ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಬಹುದು. ಮೊದಲು ಬರೀ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ.

ಎಷ್ಟು ದಿನಕ್ಕೆ ಗುಣವಾಗುತ್ತದೆ ಅಂತ ನೀವು ಕೇಳಬಹುದು. ಪೌಲನು ಫಿಲಿಪ್ಪಿಯವರಿಗೆ ಬರೆದದ್ದು ಸೆರೆಮನೆಯಿಂದ. ಇದ್ದ ಸ್ಥಿತಿಯಲ್ಲೇ ಸಂತುಷ್ಟನಾಗಿರುವುದನ್ನು ಕಲಿತುಕೊಂಡಿದ್ದೇನೆ ಅನ್ನುತ್ತಾನೆ. ಕಲಿತುಕೊಂಡಿದ್ದು, ಹುಟ್ಟಿನಿಂದ ಬಂದದ್ದಲ್ಲ, ಒಂದು ರಾತ್ರಿ ಕೈಯಿಟ್ಟು ಪ್ರಾರ್ಥಿಸಿದಾಗ ಬಂದದ್ದೂ ಅಲ್ಲ. ನಡುನಡುವೆ ಹಳೆಯ ಹೆದರಿಕೆ ಮತ್ತೆ ಬರುತ್ತದೆ, ಮುಖ್ಯವಾಗಿ ಪಾಲಿನ ಪತ್ರಕ್ಕೆ ಸಹಿ ಹಾಕುವ ಹಿಂದಿನ ದಿನ. ಆಗ ಒಬ್ಬರೇ ಇರಬೇಡಿ. ಹೆಂಡತಿಗೆ ಹೇಳಿ. ನಿಮಗೆ ಎಷ್ಟಿದ್ದರೂ ಸಾಲದು ಅಂತ ಅವರು ಅಂದದ್ದನ್ನು ನೀವು ಬೈಗುಳ ಅಂದುಕೊಂಡಂತಿದೆ. ನಿಮ್ಮ ಕಾಯಿಲೆಯನ್ನು ಎಲ್ಲರಿಗಿಂತ ಮೊದಲು ಗುರುತಿಸಿದವರು ಅವರೇ.

ಈ ಭಾನುವಾರ ಕಾಣಿಕೆ ಎಷ್ಟು ಹಾಕಲಿ ಅನ್ನುವುದು ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಮತ್ತಾಯ 5ನೇ ಅಧ್ಯಾಯ, 23 ಮತ್ತು 24ನೇ ವಚನ ನೋಡಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ನಿನ್ನ ಸಹೋದರನ ಸಂಗಡ ಒಂದಾಗು, ಆಮೇಲೆ ಬಂದು ಅರ್ಪಿಸು ಅಂತ ಅಲ್ಲಿದೆ. ನಿಮ್ಮ ವಿಷಯದಲ್ಲಿ ಅದು ಸಹೋದರಿ. ಯಾವಾಗಲೂ ಹಾಕುವಷ್ಟೇ ಹಾಕಿ, ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿಗೆ ಹೊರಡಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ.